ಆರು ಕ್ಯಾಸೆಟ್ಟಿನ ತಗಡು

ಗಂಡನ ದನಿ ಆರು ಕ್ಯಾಸೆಟ್ಟಿನಲ್ಲಿದೆ, ಕಬ್ಬಿಣದ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ ಅಂತ ಹೊಲಿಗೆಯಮ್ಮ ಹೇಳಿದರೆ ಹೊಸಬರು ಕಣ್ಣು ಕಣ್ಣು ಬಿಡುತ್ತಿದ್ದರು. ಬೀದಿಯ ಹಳಬರಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಅವರೆಲ್ಲ ಒಂದು ಕಾಲದಲ್ಲಿ ಅದೇ ವಿಡಿಯೊ ಕ್ಯಾಸೆಟ್ಟುಗಳನ್ನು ಅಂಗಡಿಯಿಂದ ಬಾಡಿಗೆಗೆ ತಂದು, ಅಕ್ಕಪಕ್ಕದವರನ್ನೂ ಕೂರಿಸಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕವರು.

ಅದೊಂದು ಕಾರ್ಟೂನು. ಹೆಸರು ‘ಹಾರುವ ಬಾಣಲೆ’. ಬಾಣಲೆಯ ಆಕಾರದ ಆಕಾಶನೌಕೆಯೊಂದು ಗ್ರಹದಿಂದ ಗ್ರಹಕ್ಕೆ ಹೋಗಿ ಪಾತ್ರೆಪಗಡ ಮಾರುತ್ತದೆ. ಕೊಳ್ಳುವವರೋ, ಕೆಲವರಿಗೆ ಹೊಟ್ಟೆಯೇ ಇಲ್ಲ, ಕೆಲವರು ಕಿವಿಯಲ್ಲಿ ಊಟ ಮಾಡುತ್ತಾರೆ. ಒಂದು ಗ್ರಹದಲ್ಲಂತೂ ಪಾತ್ರೆಗಳೇ ರಾಜರು. ಅವರಿಗೇ ಪಾತ್ರೆ ಮಾರಲು ಹೋಗಿ ಇವರೆಲ್ಲ ಜೈಲು ಸೇರುತ್ತಾರೆ. ತಲೆಬುಡ ಇಲ್ಲದ ಕಥೆ, ಆದರೆ ಒಮ್ಮೆ ಕೂತವರು ಏಳುತ್ತಿರಲಿಲ್ಲ. ನೌಕೆಗೆ ಒಬ್ಬಳು ಸಿಡುಕಿ ಕ್ಯಾಪ್ಟನ್, ಅವಳ ಕೈಕೆಳಗೆ ತಗಡು ಅನ್ನುವ ಯಂತ್ರಮಾನವ. ಅದಕ್ಕೆ ಆರು ಕೈ, ಕಾಲಿನ ಜಾಗದಲ್ಲಿ ಗಾಲಿ, ಬಾಯಿಯ ಜಾಗದಲ್ಲಿ ಒಂದು ಮುಚ್ಚಳ. ಮುಚ್ಚಳ ಲಟಲಟ ಅಂದರೆ ತಗಡು ಮಾತಾಡಿತು ಅಂತ ತಿಳಿಯಬೇಕು.

ಆ ಕಾರ್ಟೂನನ್ನು ನಮ್ಮ ಮಾತಿಗೆ ತಂದಾಗ ತಗಡಿಗೆ ದನಿ ಕೊಟ್ಟವನು ಹೊಲಿಗೆಯಮ್ಮನ ಗಂಡ. ತುಟಿಯೇ ಇಲ್ಲದ ಪಾತ್ರ, ಹಾಗಾಗಿ ತುಟಿಗೆ ಮಾತು ಹೊಂದಿಸುವ ತಾಪತ್ರಯ ಇರಲಿಲ್ಲ. ಮುಚ್ಚಳ ಆಡುವಷ್ಟು ಹೊತ್ತು ಏನು ಬೇಕಾದರೂ ಹೇಳಬಹುದು. ಆಸಾಮಿ ಬರೆದುಕೊಟ್ಟ ಹಾಳೆಯನ್ನು ಪಕ್ಕಕ್ಕಿಟ್ಟು, ಬೆಳಗ್ಗೆ ಮನೆಯಲ್ಲಿ ಹೆಂಡತಿ ಕೈಲಿ ಬೈಸಿಕೊಂಡಿದ್ದನ್ನೇ ಮೈಕಿನ ಮುಂದೆ ಒದರಿಬಿಡುತ್ತಿದ್ದ. ಕಲ್ಲುಗಳು ನಡೆದಾಡುವ ಗ್ರಹಕ್ಕೆ ಇಳಿದ ತಗಡು, ಸುತ್ತಲಿನ ಗುಂಡುಕಲ್ಲುಗಳನ್ನು ನೋಡಿ, “ಇವತ್ತೂ ಆಲೂಗಡ್ಡೆನಾ?” ಅಂದಿತು. ಕ್ಯಾಪ್ಟನ್ ರೇಗಿದರೆ, “ಆರು ಕೈ ಇದ್ದೂ ಒಂದು ಹೊದಿಕೆ ಮಡಚೋಕೆ ಬರಲ್ಲ ಅಂತ ಬೆಳಗ್ಗೆನೇ ಬೈಸ್ಕೊಂಡಿದೀನಿ, ಇನ್ನು ನಿನ್ನದೊಂದು ಬಾಕಿ ಇತ್ತು ನೋಡು” ಅಂದಿತು. ಜನ ಬಿದ್ದು ಬಿದ್ದು ನಕ್ಕರು. ಆಲೂಗಡ್ಡೆ ಬೇಯಿಸಿದವಳೂ ಹೊದಿಕೆಗೆ ಬೈದವಳೂ ಆದ ಹೊಲಿಗೆಯಮ್ಮ, “ಮನೆ ಮಾನ ಬೀದಿಗೆ ತಂದ್ರಲ್ರೀ” ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಲ್ಲಿಂದ ಗಂಡನಿಗೆ ತಗಡಪ್ಪ ಅನ್ನುವ ಹೆಸರೇ ಗಟ್ಟಿಯಾಯಿತು.

ನಾಲ್ಕನೇ ಕ್ಯಾಸೆಟ್ಟಿನಲ್ಲಿ ಒಂದು ಜಾಗ ಇದೆ. ನೌಕೆ ದಾರಿ ತಪ್ಪಿರುತ್ತದೆ. ಕಿಟಕಿಯಾಚೆ ಪುಟ್ಟ ಹಳದಿ ಗ್ರಹವೊಂದು ತನ್ನಪಾಡಿಗೆ ತಿರುಗುತ್ತಿರುತ್ತದೆ. ತಗಡು ಗಾಜಿಗೆ ಮುಚ್ಚಳ ಒತ್ತಿ ಮೆಲ್ಲಗೆ, “ಏ ದಾರದುಂಡೆ, ಊಟ ಆಯ್ತಾ?” ಅನ್ನುತ್ತದೆ. ನೋಡುವವರಿಗೆ ಅದೊಂದು ತಮಾಷೆ. ಆದರೆ ದಾರದುಂಡೆ ಅನ್ನುವುದು ಮದುವೆಯಾದ ಹೊಸದರಲ್ಲಿ ಅವನು ಅವಳಿಗಿಟ್ಟ ಹೆಸರು. ಮಗನ ಮುಂದೆ, ಅತ್ತೆಯ ಮುಂದೆ ಒಂದು ದಿನಕ್ಕೂ ಬಾಯಿಬಿಟ್ಟು ಹಾಗೆ ಕರೆದವನಲ್ಲ. ಮಧ್ಯಾಹ್ನ ಸ್ಟುಡಿಯೊದಿಂದ ಫೋನು ಮಾಡಿದಾಗ ಮಾತ್ರ ಹಾಗೆ ಕೇಳುತ್ತಿದ್ದ.

ನಾಲ್ಕು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಈಗ ಕೊರಳಿನಲ್ಲಿ ಉಸಿರಾಡುವ ತೂತು, ಅದರ ಮೇಲೆ ಹೊಲಿಗೆಯಮ್ಮ ಹೊಲಿದು ಕಟ್ಟುವ ಅಂಗೈಯಗಲದ ಬಟ್ಟೆ. ಮಾತೆಲ್ಲ ಸ್ಲೇಟಿನಲ್ಲಿ. ಬಾಡಿಗೆ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು, ಬೀದಿಯಲ್ಲಿ ಬೇರೆ ಯಾರ ಹತ್ತಿರವೂ ಆ ಕ್ಯಾಸೆಟ್ಟು ಉಳಿದಿರಲಿಲ್ಲ. ಮನೆಯ ಹಳೇ ಪ್ಲೇಯರು ಟೇಪು ನುಂಗಲು ಶುರುಮಾಡಿದ್ದರಿಂದ ಅವಳು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಬಟ್ಟೆಚೀಲದಲ್ಲಿ ಹಾಕಿ, ಬಾಯಿ ಹೊಲಿದು, ಟ್ರಂಕಿಗೆ ಸೇರಿಸಿದಳು. ಒಂದು ದಿನ ಸರಿಯಾದ ಪ್ಲೇಯರು ಸಿಗುತ್ತದೆ, ಅವತ್ತು ಕೇಳುತ್ತೇನೆ ಅಂತ ಕಾದು ಕೂತಿದ್ದಳು.

ಇಂಥದ್ದರಲ್ಲಿ ಒಂದು ಬೆಳಗ್ಗೆ ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, “ಅಮ್ಮ, ಹಾರುವ ಬಾಣಲೆ ಡಿಸ್ಕಿನಲ್ಲಿ ಬರ್ತಾ ಇದೆ” ಅಂದ.

ಮಗ ಅಪ್ಪ ದುಡಿದ ಸ್ಟುಡಿಯೊದಲ್ಲೇ ಸೌಂಡಿನ ಕೆಲಸದಲ್ಲಿದ್ದ. ಹದಿನೈದು ವರ್ಷದಿಂದ ಗಾಜಿನ ಈಚೆ ಕೂತು, ಆಚೆ ಮೈಕಿನ ಮುಂದೆ ನಿಂತವರ ದನಿಯನ್ನು ಹೆಚ್ಚುಕಡಿಮೆ ಮಾಡುವುದೇ ಅವನ ಕೆಲಸ.

“ಏನಂದೆ?” ಹೊಲಿಗೆಯಮ್ಮ ಚಹಾ ಲೋಟ ಕೆಳಗಿಟ್ಟಳು. “ಪೂರ್ತಿ ಬರತ್ತಾ? ಆರೂ?”

“ಆರೂ. ಬಣ್ಣ ಗಿಣ್ಣ ಎಲ್ಲ ಹೊಸದು ಮಾಡ್ತಾರೆ.”

“ಬಣ್ಣ ಹಾಳಾಗ್ಹೋಗ್ಲಿ, ದನಿ?”

“ಅದಕ್ಕೇ ಕ್ಯಾಸೆಟ್ ಬೇಕಮ್ಮ. ಡಿಸ್ಕಿನ ಕಂಪನಿಯವರ ಹತ್ರ ಇರೋದು ಅಷ್ಟು ಚೆನ್ನಾಗಿಲ್ಲ. ಹೋಲಿಸಿ ನೋಡಬೇಕಂತೆ.”

ಒಲೆಯ ಪಕ್ಕ ಮೊಟ್ಟೆ ಬಿಡಿಸುತ್ತಿದ್ದ ಸೊಸೆ ತಲೆಯೆತ್ತಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಜನರ ಜತೆ ಬಾಯಿ ಬಡಿದುಕೊಳ್ಳುವ ಹುಡುಗಿ, ಮನೆಯಲ್ಲಿ ಬೆಳಗ್ಗೆ ಮಾತು ಕಡಿಮೆ ಅಂತ ಹೊಲಿಗೆಯಮ್ಮ ಅದನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಎಂಟು ವರ್ಷದ ಮೊಮ್ಮಗಳು ಮಾತ್ರ ಕುರ್ಚಿಯ ಮೇಲೇ ಕುಣಿದಳು. ಯಾರ ಮಾತನ್ನೂ ಹಾಗೇ ತಿರುಗಿ ಹೇಳುತ್ತಿದ್ದಳಾದ್ದರಿಂದ ಅವಳನ್ನು ಎಲ್ಲರೂ ಗಿಣಿ ಅನ್ನುತ್ತಿದ್ದರು.

“ತಾತ ಮಾತಾಡೋದು ಕೇಳ್ಸತ್ತಾ ಅಜ್ಜಿ? ನಿಜ್ವಾಗ್ಲೂ?”

“ಕೇಳ್ಸತ್ತೆ ಕಣೇ. ನೀನು ತೀರಾ ಚಿಕ್ಕೋಳಿದ್ದಾಗ ಕೇಳಿದ್ದೆ, ಮರ್ತಿದೀಯ.”

ತಗಡಪ್ಪ ಮೂಲೆಯ ಕುರ್ಚಿಯಲ್ಲಿ ಗಂಜಿ ಕುಡಿಯುತ್ತಿದ್ದ. ಹೊಲಿಗೆಯಮ್ಮ ಅವನ ಕಡೆ ತಿರುಗಿ, “ಕೇಳಿಸ್ತೇನ್ರೀ?” ಅಂದಳು. ಅವನು ಹೂಂ ಅನ್ನುವಂತೆ ತಲೆಯಾಡಿಸಿ ಮತ್ತೆ ಬಟ್ಟಲಿಗೆ ಮುಖ ಹಾಕಿದ. ಮನುಷ್ಯನಿಗೆ ಖುಷಿ ತಡೆಯಲಾಗುತ್ತಿಲ್ಲ ಅಂದುಕೊಂಡಳು, ಪಾಪ.

ಮರುದಿನ ಮಗ ಒಂದು ಕಾಗದ ತಂದ. ಅಪ್ಪ ಸಹಿ ಹಾಕಬೇಕಂತೆ, ಡಿಸ್ಕಿಗೆ ಒಪ್ಪಿಗೆಯಂತೆ. ತಗಡಪ್ಪನ ಕನ್ನಡಕ ಕಡ್ಡಿ ಮುರಿದು ರಿಪೇರಿಗೆ ಹೋಗಿತ್ತು. ಅವನು ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ, ಮೇಜಿನ ಮೇಲೆಲ್ಲ ಕೈಯಾಡಿಸಿ ಕನ್ನಡಕ ಹುಡುಕಿದ.

“ಅಂಗಡೀಲಿದೆಯಲ್ರೀ ಅದು” ಅಂದಳು ಹೊಲಿಗೆಯಮ್ಮ. “ಹೊತ್ತಾಯ್ತು, ಅವನ ಬಸ್ಸು ಹೋಗತ್ತೆ. ಹೆತ್ತ ಮಗ ತಂದ ಕಾಗದ, ಅದರಲ್ಲಿ ಓದೋದೇನಿದೆ? ಹಾಕಿ ಬೇಗ.”

ಕಾಗದದ ಕೆಳಗೆ ರಟ್ಟು ಇಟ್ಟವಳು ಅವಳು. ಪೆನ್ನಿನ ಮುಚ್ಚಳ ತೆಗೆದುಕೊಟ್ಟವಳೂ ಅವಳು. ಸಹಿ ಬಿದ್ದ ಮೇಲೆ ಟ್ರಂಕು ತೆಗೆದು, ಆರು ಚೀಲದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ಕ್ಯಾಸೆಟ್ಟುಗಳನ್ನು ಸೆರಗಿನಲ್ಲಿ ಒರೆಸಿ ಮಗನ ಕೈಗಿತ್ತಳು.

“ಜೋಪಾನ ಕಣೋ. ಬಿಸಿಲಲ್ಲಿ ಇಡಬೇಡ. ಕೆಲಸ ಆದ ತಕ್ಷಣ ತಂದ್ಬಿಡು.”

“ತರ್ತೀನಮ್ಮ, ಎಷ್ಟು ಸಲ ಹೇಳ್ತೀಯಾ?”

ಆಮೇಲಿನ ವಾರಗಳು ಹೊಲಿಗೆಯಮ್ಮನಿಗೆ ಸುಖದವು. ಶಾಲೆ ಶುರುವಾಗುವ ಕಾಲ, ಯೂನಿಫಾರಂ ಹೊಲಿಗೆ ರಾಶಿ ಬಿದ್ದಿತ್ತು. ಯಂತ್ರ ತುಳಿಯುತ್ತಾ ಗಿಣಿಗೆ ಕಾರ್ಟೂನಿನ ಕಥೆ ಹೇಳುತ್ತಿದ್ದಳು. ಗಿಣಿಯೋ, ಊಟಕ್ಕೆ ಕರೆದರೆ ಸಾಕು, “ಇವತ್ತೂ ಆಲೂಗಡ್ಡೆನಾ?” ಅಂತ ತಟ್ಟೆ ಬಡಿಯುತ್ತಿದ್ದಳು. ಅದಕ್ಕಿಂತ ದೊಡ್ಡ ಸಂಗತಿ ಅಂದರೆ, ಅಪ್ಪ ಮಗ ಒಂದಾಗಿಬಿಟ್ಟಿದ್ದರು. ಮೊದಲೆಲ್ಲ ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು ಪೇಪರು ಓದುವ ಜಾತಿ. ಈಗ ಮಗ ಮಧ್ಯಾಹ್ನವೇ ಬಂದು, “ಬನ್ನಿ ಅಪ್ಪ, ಒಂದು ಸುತ್ತು ಹೋಗ್ಬರೋಣ, ಗಾಳಿ ಸೇವನೆ ಆಗತ್ತೆ” ಅಂತ ಕರೆದುಕೊಂಡು ಹೋಗುತ್ತಿದ್ದ. ಸ್ಲೇಟೂ ಜತೆಗೆ ಹೋಗುತ್ತಿತ್ತು. ಎರಡು ಗಂಟೆ, ಕೆಲವೊಮ್ಮೆ ಮೂರು ಗಂಟೆ.

“ಎಲ್ಲಿಗೆ ಹೋಗಿದ್ರಿ ಇಷ್ಟೊತ್ತು?” ಅಂದರೆ, ತಗಡಪ್ಪ “ಪಾರ್ಕು” ಅಂತ ಬರೆದು ತೋರಿಸುತ್ತಿದ್ದ.

“ನೋಡಮ್ಮ, ಕೊನೆಗೂ ಮಗನಿಗೆ ಅಪ್ಪ ಅಂತ ಅನ್ನಿಸ್ತು” ಅಂತ ಸೊಸೆಯ ಹತ್ತಿರ ಹೇಳಿಕೊಂಡಳು.

“ಹ್ಞೂಂ ಅತ್ತೆ” ಅಂದಳು ಸೊಸೆ, ಬಟ್ಟೆ ಒಣಹಾಕುತ್ತಾ.

ಮೂರನೆಯ ವಾರ ಮಗನ ದನಿ ಕಟ್ಟಿತು. ಬೆಳಗ್ಗೆ ಎದ್ದರೆ ಗೊಗ್ಗರು, ಸಂಜೆ ಬಂದರೆ ಬರೀ ಗಾಳಿ. ಹೊಲಿಗೆಯಮ್ಮ ಯಂತ್ರ ಬಿಟ್ಟು ಎದ್ದು ಬಂದಳು. ಗಂಡನಿಗೂ ಹೀಗೇ ಶುರುವಾಗಿತ್ತಲ್ಲ!

“ಎಷ್ಟು ದಿನ ಆಯ್ತೋ ಹೀಗಾಗಿ? ನುಂಗೋವಾಗ ನೋಯತ್ತಾ?”

“ಏನಿಲ್ಲಮ್ಮ. ಸ್ಟುಡಿಯೊದಲ್ಲಿ ಏಸಿ ಜಾಸ್ತಿ.”

“ನಿಮ್ಮಪ್ಪನೂ ಏಸಿ ಅಂತಲೇ ಹೇಳಿದ್ರು. ಆರು ತಿಂಗಳು ಏಸಿ ಏಸಿ ಅಂದು ಕೊನೆಗೆ ಏನಾಯ್ತು? ನಡಿ ಡಾಕ್ಟರ ಹತ್ರ.”

“ಬೇಡಮ್ಮ.”

“ನಡಿ ಅಂದೆ! ಬಾಯಿ ತೆಗಿ, ನಾನೇ ನೋಡ್ತೀನಿ.”

ಟಾರ್ಚು ಹಿಡಿದು, ನಲವತ್ತರ ಹತ್ತಿರ ಬಂದ ಮಗನ ಬಾಯೊಳಗೆ ಇಣುಕಿದಳು. ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ಸೊಸೆ ಅಂಗಡಿಯಿಂದ ಗಂಟಲಿನ ಮಾತ್ರೆ ತಂದು ಸಾಲಾಗಿ ಇಟ್ಟಳು. ಹೊಲಿಗೆಯಮ್ಮ ಎದ್ದ ತಕ್ಷಣ ಅವನಿಗೆ ಉಪ್ಪುನೀರು ಕಾಯಿಸಿದಳು, ಜೇನು ಕಲಸಿಕೊಟ್ಟಳು, ತಣ್ಣೀರಿನ ಬಾಟಲಿಗಳನ್ನು ಫ್ರಿಜ್ಜಿನಿಂದ ಹೊರಗೆಸೆದಳು. ತಾನು ಉಣ್ಣದೆ ತಟ್ಟೆ ಸರಿಸಿದಳು. ಒಂದು ಮಧ್ಯಾಹ್ನ ಊಟದ ಮೇಜಿನಲ್ಲೇ ಅತ್ತುಬಿಟ್ಟಳು. “ಒಂದು ದನಿ ಕಳ್ಕೊಂಡಿದ್ದು ಸಾಲದಾ ನನಗೆ? ಇನ್ನೊಂದನ್ನೂ ಕಳ್ಕೋಬೇಕಾ?”

ಅಪ್ಪ ಮಗನನ್ನು ನೋಡಿದ. ಮಗ ಅಪ್ಪನನ್ನು ನೋಡಿದ. ಇಬ್ಬರೂ ತಟ್ಟೆ ನೋಡಿಕೊಂಡರು. ಎರಡು ವಾರ ಬಿಟ್ಟು ಮಗನ ದನಿ ತನ್ನಷ್ಟಕ್ಕೆ ಸರಿಯಾಯಿತು. ಹೊಲಿಗೆಯಮ್ಮ ತನ್ನ ಜೇನು ಕೆಲಸ ಮಾಡಿತು ಅಂದುಕೊಂಡಳು.

ಡಿಸ್ಕು ಬಂದಿದ್ದು ಒಂದು ಭಾನುವಾರ. ಹನ್ನೊಂದು ಗಂಟೆಗೆ ಮನೆ ತುಂಬಿತು. ಕ್ಷೌರದಂಗಡಿಯವನು, ಎದುರುಮನೆಯ ನರ್ಸು, ಅವರವರ ಮನೆಮಂದಿ. ಹೊಲಿಗೆಯಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಗಂಡನ ಕೊರಳಿಗೆ ಹೊಸ ಬಟ್ಟೆ ಕಟ್ಟಿ, ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡಳು. ಗಿಣಿ ತಾತನ ತೊಡೆಯ ಮೇಲೆ. ಮಗ ಬಾಗಿಲ ಹತ್ತಿರ ನಿಂತೇ ಇದ್ದ.

“ಕೂತ್ಕೋ ಬಾರೋ.”

“ಇಲ್ಲೇ ಸರಿ ಇದೆ.”

ಬಾಣಲೆ ಹಾರಿ ಬಂತು. ಬಣ್ಣ ಫಳಫಳ ಹೊಳೆಯುತ್ತಿತ್ತು. ಕ್ಯಾಪ್ಟನ್ ಬಾಯಿ ತೆಗೆದಳು. ಅದೇ ಹಳೆಯ ದನಿ, ಅದೇ ಸಿಡುಕು, ಒಂದು ಕೂದಲೂ ಕೊಂಕಿರಲಿಲ್ಲ. ಹೊಲಿಗೆಯಮ್ಮ ಗಂಡನ ಮುಂಗೈ ಗಟ್ಟಿಯಾಗಿ ಹಿಡಿದಳು. ತಗಡು ಗಾಲಿ ಉರುಳಿಸುತ್ತಾ ಬಂತು. ಮುಚ್ಚಳ ಲಟಲಟ ಅಂದಿತು.

“ಇವತ್ತೂ ಆಲೂಗಡ್ಡೆನಾ?”

ಮನೆಯೇ ಹಾರಿಹೋಗುವ ಹಾಗೆ ನಕ್ಕರು. “ಅಯ್ಯಯ್ಯೋ, ಅದೇ ದನಿ ಕಣ್ರೀ ತಗಡಪ್ಪ!” ಅಂತ ಕ್ಷೌರದವನು ತೊಡೆ ತಟ್ಟಿದ. “ನಿನ್ನೆ ಮೊನ್ನೆ ಮಾತಾಡಿದ ಹಾಗಿದೆ!” ನರ್ಸು ಕಣ್ಣೊರೆಸಿಕೊಂಡಳು.

ಹೊಲಿಗೆಯಮ್ಮ ಗಂಡನ ಕೈ ಬಿಟ್ಟಳು. ಅದು ಅವನ ದನಿ ಅಲ್ಲ. ಏರಿಳಿತ ಅವನದೇ, ಗೊಣಗು ಅವನದೇ, ಮಾತಿನ ಮಧ್ಯೆ ಮೂಗು ಸೇದುವುದೂ ಅವನದೇ. ಆದರೆ ಆ ‘ಗಡ್ಡೆ’ಯನ್ನು ಎಳೆಯುವ ರೀತಿ ಬೇರೆ. ಹಾಗೆ ಎಳೆಯುವವನನ್ನು ಅವಳು ಹೆತ್ತು, ಆಡಿಸಿ, ಮಾತು ಕಲಿಸಿದ್ದಳು. ಬಾಗಿಲ ಕಡೆ ತಿರುಗಿ ನೋಡಿದಳು. ಮಗ ನೆಲ ನೋಡುತ್ತಿದ್ದ. ಪಕ್ಕಕ್ಕೆ ತಿರುಗಿ ನೋಡಿದಳು. ತಗಡಪ್ಪ ನಗುತ್ತಿದ್ದ. ಪಾಪ, ಕಿವಿಯೂ ಮಂದವಾಗಿದೆ, ತನ್ನದೇ ದನಿ ಅಂದುಕೊಂಡು ನಗುತ್ತಿದೆ ಜೀವ, ಅಂದುಕೊಂಡಳು.

ಬಂದವರ ಮುಂದೆ ಏನು ಹೇಳುತ್ತಾಳೆ? ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು. ಒಂದಾದ ಮೇಲೊಂದು ಕಥೆ ಓಡಿತು. ಹಳದಿ ಗ್ರಹ ಕಿಟಕಿಯಾಚೆ ಬಂದಾಗ ಎದ್ದು ಅಡುಗೆಮನೆಗೆ ಹೋಗೋಣ ಅಂದುಕೊಂಡಳು. ಆದರೆ ಸ್ಟೂಲು ಬಿಟ್ಟೇಳಲಿಲ್ಲ.

“ಏ ದಾರದುಂಡೆ, ಊಟ ಆಯ್ತಾ?” ಅಂದಿತು ಮಗನ ದನಿ.

ಅವಳು ಸೆರಗನ್ನು ಮೈತುಂಬ ಎಳೆದುಕೊಂಡಳು. ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಗಿಣಿ ತಾತನ ತೊಡೆಯ ಮೇಲೆ ಕುಣಿಯುತ್ತಾ, “ದಾರದುಂಡೆ! ದಾರದುಂಡೆ!” ಅಂತ ತಿರುಗಿ ಹೇಳಿದಳು.

“ಬಾಯ್ಮುಚ್ಚು!” ಅಂತ ಹೊಲಿಗೆಯಮ್ಮ ಕಿರುಚಿದಳು. ಮಗು ತುಟಿ ಡೊಂಕು ಮಾಡಿತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು. “ನೀನು ತಾನೇ ಅದು?”

“ಅಮ್ಮ, ಮೊದಲು ಕೂತ್ಕೋ.”

“ನಿಂತೇ ಕೇಳ್ತೀನಿ. ನೀನು ತಾನೇ?”

“ಹೌದು. ಅಪ್ಪನ ಹಳೇ ದನಿ ಕೆಟ್ಟುಹೋಗಿತ್ತಮ್ಮ. ಬೂಷ್ಟು ಹಿಡಿದು, ಬರೀ ಗರಗರ. ಕೂರಿಸೋಕಾಗಲಿಲ್ಲ. ಇನ್ಯಾರೋ ಮಾಡೋ ಬದಲು ನಾನು ಮಾಡಿದೆ. ಮನೇಲೇ ಉಳೀತಲ್ಲ.”

“ಕ್ಯಾಪ್ಟನ್ ದನಿ ಹೇಗೆ ಚೆನ್ನಾಗಿತ್ತು? ಬೂಷ್ಟಿಗೂ ನಿಮ್ಮಪ್ಪನ ಮೇಲೇ ಹಗೆನಾ?”

“ಅವರ ದನಿ ಟೇಪಿನ ಬೇರೆ ಸಾಲಿನಲ್ಲಿ, ಬೇರೆ ಟ್ರ್ಯಾಕಿನಲ್ಲಿ ಇರತ್ತಮ್ಮ, ನಿನಗೆ ಗೊತ್ತಾಗಲ್ಲ.”

“ನನಗೆ ಗೊತ್ತಾಗಲ್ಲ. ಸರಿ. ಗಂಟಲು ಕಟ್ಟಿದ್ದು ಇದಕ್ಕೇನಾ? ನಾನು ಅನ್ನ ಬಿಟ್ಟು ಅಳ್ತಾ ಕೂತಿದ್ದು ನೋಡ್ತಾನೇ ಇದ್ಯಲ್ಲೋ!”

ಸೊಸೆ ನಡುವೆ ಬಂದಳು. “ಅತ್ತೆ, ಅವರೂ ಹದಿನೈದು ವರ್ಷದಿಂದ ಗಾಜಿನ ಹಿಂದೆ ಕೂತಿದಾರೆ. ಅವರಿಗೂ ಒಂದು ಹೆಸರು ಬೇಡ್ವಾ? ಎಷ್ಟು ಚೆನ್ನಾಗಿ ಮಾಡಿದಾರೆ, ಯಾರಿಗೂ ಗೊತ್ತೇ ಆಗಲಿಲ್ಲ.”

“ಮಾತ್ರೆ ತಂದುಕೊಟ್ಟೆಯಲ್ಲ, ನಿನಗೂ ಗೊತ್ತಿತ್ತು ಅನ್ನು.”

ಸೊಸೆ ಚಹಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಗಡಪ್ಪ ಸ್ಲೇಟು ತೆಗೆದು, “ಬಿಡು, ಊಟ ಮಾಡೋಣ” ಅಂತ ಬರೆದ. ಅವನ ಒಳ್ಳೆಯತನ ಕಂಡು ಅವಳಿಗೆ ಇನ್ನಷ್ಟು ಅಳು ಬಂತು.

ನಾಲ್ಕು ದಿನ ಹೊಲಿಗೆಯಮ್ಮ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಐದನೆಯ ದಿನ ಹೊಲಿದ ಯೂನಿಫಾರಂಗಳನ್ನು ಶಾಲೆಗೆ ತಲುಪಿಸಿ, ಅಲ್ಲಿಂದ ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋದಳು. ಕ್ಯಾಪ್ಟನ್ನಿಗೆ ದನಿ ಕೊಟ್ಟ ಹೆಂಗಸು ಈಗ ಅಲ್ಲಿ ಬಸ್ಸುಗಳ ಹೊತ್ತು ಕೂಗುವ ಕೆಲಸದಲ್ಲಿದ್ದಳು. ಗಾಜಿನ ಗೂಡಿನಿಂದ ಆಚೆ ಬಂದು ತಬ್ಬಿಕೊಂಡಳು.

“ಅಲ್ಲ ಅಕ್ಕ, ಯಜಮಾನರು ಯಾಕೆ ಬೇಡ ಅಂದ್ರು?”

“ಏನು ಬೇಡ ಅಂದ್ರು?”

“ಹಳೇ ದನಿ ಹಾಕೋದು ಬೇಡ ಅಂತ ಬರೆದುಕೊಟ್ರಂತಲ್ಲ. ನಮಗೆಲ್ಲ ಕಾಗದ ಬಂತು, ನಾವು ಹಾಕ್ಕೊಳ್ಳಿ ಅಂತ ಸಹಿ ಹಾಕಿದ್ವಿ. ಅವರ ಕಾಗದ ಒಂದೇ ಬೇಡ ಅಂತ ಬಂದಿದ್ದು. ಅದಕ್ಕೇ ಮಗನ ಕೈಲಿ ಮಾಡಿಸಿದ್ರಂತೆ.”

“ಅವರ ದನಿ ಕೆಟ್ಟುಹೋಗಿತ್ತಂತೆ...”

“ಯಾರು ಹೇಳಿದ್ದು? ನನಗೆ ಎಲ್ಲ ಹಾಕಿ ಕೇಳಿಸಿದ್ರಲ್ಲ, ಕನ್ನಡಿ ಹಾಗಿತ್ತು. ತಗಡು ಉಸಿರು ತಗೊಳ್ಳೋದೂ ಕೇಳ್ತಿತ್ತು ಅಕ್ಕ.”

ಗೂಡಿನೊಳಗೆ ಯಾರೋ ಕರೆದರು, ಅವಳು ಓಡಿದಳು. ಹೊಲಿಗೆಯಮ್ಮ ಬೆಂಚಿನ ಮೇಲೆ ಕೂತಳು. ರಟ್ಟು ಇಟ್ಟವಳು ನಾನು. ಪೆನ್ನು ಕೊಟ್ಟವಳು ನಾನು. ಓದೋಕೆ ಬಿಡದೆ ದಬಾಯಿಸಿದವಳು ನಾನು. ಮಗ ಅಪ್ಪನ ಕಣ್ಣಿಗೆ ಮಣ್ಣೆರಚಿದ, ಅದೂ ನನ್ನ ಕೈಯಿಂದಲೇ ಎರಚಿಸಿದ. ಎರಡು ಬಸ್ಸು ಬಂದು ಹೋದವು, ಎರಡೂ ಅವಳ ಮನೆಯ ಕಡೆ ಹೋಗುವವೇ.

ಮನೆ ಮುಟ್ಟಿದಾಗ ಮಗ ಬೂಟು ಬಿಚ್ಚುತ್ತಿದ್ದ. ಹೊಸ್ತಿಲಲ್ಲೇ ನಿಂತು ಕೇಳಿದಳು. “ಕ್ಯಾಸೆಟ್ ಎಲ್ಲಿ?”

“ಸ್ಟುಡಿಯೊದಲ್ಲಿ...”

“ಕ್ಯಾಪ್ಟನ್ ಹೆಂಗಸಿನ ಹತ್ರ ಹೋಗಿದ್ದೆ. ಇನ್ನೊಂದು ಸುಳ್ಳು ಹೇಳಬೇಡ. ಕ್ಯಾಸೆಟ್ ಎಲ್ಲಿ?”

ಮಗ ಒಂದು ಬೂಟಿನಲ್ಲೇ ಕೂತ. “ಇಲ್ಲಮ್ಮ. ಕಲಿಯೋಕೆ ಅಂತ ಹಾಕಿ ಹಾಕಿ ಕೇಳಿದೆ. ಒಂದೊಂದು ಮಾತನ್ನ ನೂರು ಸಲ ತಿರುಗಿಸಿದೆ. ಸವೆದು ಹರಿದುಹೋದವು. ಎಸೆದುಬಿಟ್ಟೆ.”

“ಕಂಪನಿಯವರ ಹತ್ರ ಇರೋದು?”

“ಒಂದೇ ಸಾಲಿನಲ್ಲಿ ಎರಡು ದನಿ ಕೂರಲ್ಲ. ಹಳೇದನ್ನ ಅಳಿಸಿ ಹೊಸದು ಹಾಕಿದ್ವಿ.”

“ಯಾರು ಅಳಿಸಿದ್ದು?”

“...ಅದು ನನ್ನ ಕೆಲಸ ಅಲ್ವಾಮ್ಮ.”

ಹೊಡೆಯಬೇಕು ಅಂತ ಕೈಯೆತ್ತಿದಳು. ಕೈ ಹಾಗೇ ಇಳಿಯಿತು. “ಇವತ್ತಿನಿಂದ ನನ್ನ ಮುಂದೆ ಬಾಯಿ ತೆಗೀಬೇಡ ನೀನು” ಅಂದಳು. “ನಿನ್ನ ದನಿ ಕೇಳಿದ್ರೆ ನನಗೆ ಅಳಿಸಿದ್ದೇ ಕೇಳಿಸತ್ತೆ.”

ಮಗ ಎದ್ದು ಒಂಟಿ ಬೂಟಿನಲ್ಲೇ ಕೋಣೆಗೆ ಹೋದ.

ತಗಡಪ್ಪ ಹೊಲಿಗೆ ಕೋಣೆಯಲ್ಲಿ ಗುಂಡಿಗಳನ್ನು ಗಾತ್ರಕ್ಕೆ ತಕ್ಕಂತೆ ಡಬ್ಬಿಗಳಿಗೆ ವಿಂಗಡಿಸುತ್ತಾ ಕೂತಿದ್ದ. ಕನ್ನಡಕ ರಿಪೇರಿಯಾಗಿ ಬಂದು ಮೂಗಿನ ಮೇಲಿತ್ತು. ಹೊಲಿಗೆಯಮ್ಮ ಅವನ ಕಾಲ ಬಳಿ ನೆಲದ ಮೇಲೆ ಕುಸಿದಳು.

“ನನ್ನನ್ನ ಕ್ಷಮಿಸ್ಬಿಡ್ರೀ. ಅವನು ನಮಗೆ ಟೋಪಿ ಹಾಕಿದ. ಆ ಕಾಗದದಲ್ಲಿ ನಿಮ್ಮ ದನಿ ಬೇಡ ಅಂತ ಬರೆದಿತ್ತಂತೆ. ನೀವು ಕನ್ನಡಕ ಹುಡುಕ್ತಿದ್ರಿ, ನಾನೇ ದಬಾಯಿಸಿ ಸಹಿ ಹಾಕಿಸಿದೆ. ಎಲ್ಲ ಅಳಿಸಿಬಿಟ್ಟಿದಾನೆ. ಎಲ್ಲೂ ಇಲ್ಲ ಇನ್ನು. ನನ್ನಿಂದಾನೇ ಹೋಯ್ತು.”

ಮೊಣಕಾಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕೈ ಅವಳ ತಲೆಯ ಮೇಲೆ ಬಂತು, ಸ್ವಲ್ಪ ಹೊತ್ತು ಇತ್ತು, ಹಿಂದೆ ಸರಿಯಿತು. ಸೀಮೆಸುಣ್ಣ ಕೀಚಲು ಸದ್ದು ಮಾಡಿತು. ಅವನು ಸ್ಲೇಟನ್ನು ಅವಳ ಮುಂದೆ ಹಿಡಿದ.

“ನಿನ್ನ ತಪ್ಪಲ್ಲ. ನನಗೆ ಗೊತ್ತಿತ್ತು.”

ಅವಳ ತಲೆಗೆ ತಕ್ಷಣ ಹತ್ತಲಿಲ್ಲ. “ಏನು ಗೊತ್ತಿತ್ತು?”

ಒರೆಸಿದ, ಬರೆದ. “ಹಿಂದಿನ ದಿನವೇ ಓದಿ ಹೇಳಿದ್ದ. ಕೇಳಿಕೊಂಡ. ಒಪ್ಪಿದೆ.”

“ಮತ್ತೆ ಆ ಕನ್ನಡಕ ಹುಡುಕಿದ್ದು?”

ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

“ಪಾರ್ಕು?” ಅವಳ ದನಿ ಸಣ್ಣಗಾಯಿತು. “ದಿನಾ 'ಪಾರ್ಕು' ಅಂತ ಬರೀತಿದ್ರಲ್ಲ, ಎಲ್ಲಿಗೆ ಹೋಗ್ತಿದ್ರಿ?”

“ಸ್ಟುಡಿಯೊ. ಕಲಿಸೋಕೆ.”

ಹೊಲಿಗೆಯಮ್ಮ ನೆಲದಿಂದ ಎದ್ದಳು. ಮೇಜು ಹಿಡಿದುಕೊಂಡು ಎದ್ದಳು. ಒಂದೇ ಮಾತು ಉಳಿದಿತ್ತು, ಅದನ್ನು ಕೇಳದೆ ಇರಲಾರಳು.

“ದಾರದುಂಡೆ ಅನ್ನೋದನ್ನೂ ನೀವೇ ಕಲಿಸಿದ್ರಾ?”

ತಗಡಪ್ಪ ತಲೆತಗ್ಗಿಸಿದ. ಆಮೇಲೆ ಹೌದು ಅಂತ ತಲೆಯಾಡಿಸಿದ. ಗಬಗಬ ಬರೆದ, ಅಕ್ಷರ ಒಂದರ ಮೇಲೊಂದು ಹತ್ತಿದವು. “ನನ್ನದು ಮುಗಿಯಿತು. ಅವನಾದರೂ ಮುಂದೆ ಬರಲಿ ಅಂತ.”

ಅವಳು ಅದನ್ನು ಎರಡು ಸಲ ಓದಿದಳು.

“ನಿಮ್ಮದು ಮುಗೀತು” ಅಂದಳು. “ನನ್ನದು ಮುಗಿದಿರಲಿಲ್ಲವಲ್ರೀ. ಹೇಳಿದವರು ನೀವು, ಸರಿ. ಕೇಳ್ತಿದ್ದವಳು ಯಾರು? ಆ ಆಲೂಗಡ್ಡೆ ಬೇಯಿಸಿದ್ದು ಯಾರು? ಆ ಮನುಷ್ಯ ದಿನಾ ಮಧ್ಯಾಹ್ನ ಊಟ ಆಯ್ತಾ ಅಂತ ಕೇಳ್ತಿದ್ದಿದ್ದು ಯಾರನ್ನ? ನಾಲ್ಕು ವರ್ಷದಿಂದ ಹೊಲಿದು ಇಟ್ಕೊಂಡಿದ್ದೆ ನಾನು. ಮಗನಿಗೆ ಕೊಡೋದಾದ್ರೆ ಕೊಡಿ, ನನಗೊಂದು ಮಾತು ಹೇಳಿ ಕೊಡಬಾರದಿತ್ತಾ? ಒಂದೇ ಒಂದು ಸಲ ಕೇಳಿಸ್ಕೊಂಡು ಕೊಡ್ತಿದ್ದೆ.”

ಅವನು ಸ್ಲೇಟು ಒರೆಸಿ ಮತ್ತೆ ಬರೆಯತೊಡಗಿದ. ಈ ಸಲ ಉದ್ದಕ್ಕೆ ಬರೆದ, ಅಂಚಿನವರೆಗೆ ಬರೆದ. ಹೊಲಿಗೆಯಮ್ಮ ಅಷ್ಟರಲ್ಲಿ ಯಂತ್ರದ ಮುಂದೆ ಕೂತಿದ್ದಳು. ಅರ್ಧ ಹೊಲಿದ ಒಂದು ಅಂಗಿಯ ತೋಳು ಅಲ್ಲೇ ಇತ್ತು, ಅದನ್ನು ಸೂಜಿಯ ಕೆಳಗೆ ಎಳೆದುಕೊಂಡಳು.

ಅವನು ಬಂದು ಸ್ಲೇಟನ್ನು ಅವಳ ಬಲಕ್ಕೆ ಹಿಡಿದ. ಅವಳು ತೋಳಿನ ಅಂಚು ಮಡಚುತ್ತಿದ್ದಳು. ಎಡಕ್ಕೆ ಬಂದು ಹಿಡಿದ. ಅವಳು ದಾರ ತುಂಡರಿಸುತ್ತಿದ್ದಳು. ಸೀಮೆಸುಣ್ಣದಿಂದ ಮೇಜಿನ ಮೇಲೆ ತಟ್ಟಿದ, ಇನ್ನೊಮ್ಮೆ ತಟ್ಟಿದ. ಅವನ ಕೊರಳಿನ ತೂತಿನಿಂದ ಉಸಿರು ಬುಸುಬುಸು ಬರುತ್ತಿತ್ತು, ಅವಳು ಕಟ್ಟಿದ ಬಟ್ಟೆ ಮೇಲೆದ್ದು ಬೀಳುತ್ತಿತ್ತು.

ಹೊಲಿಗೆಯಮ್ಮ ತಲೆಯೆತ್ತದೆ ಯಂತ್ರ ತುಳಿದಳು.